ಹಾಲು ಕರೆಯುವ ಕೈಯ ಹೆಸರು ಕಾಗದದಲ್ಲೂ ಇರಲಿ



ಹೋದ ಮಳೆಗಾಲದ ಒಂದು ಬೆಳಿಗ್ಗೆ, ಡೇರಿಯಲ್ಲಿ ಹಾಲು ಅಳೆಯುವುದಕ್ಕೆ ಮುಂಚೆಯೇ ನನಗೆ ಫೋನ್ ಬಂತು. "ಮೇಡಂ, ಹಸು ಹೋಗ್ಬಿಡ್ತು. ರಾತ್ರಿ ಚೆನ್ನಾಗೇ ಇತ್ತು." ಹೋಗಿ ನೋಡಿದೆ. ಎರಡನೇ ಸೂಲಿನ ಎಚ್‌.ಎಫ್. ಹಸು. ದಿನಕ್ಕೆ ಹದಿನಾಲ್ಕು ಲೀಟರ್ ಕೊಡುತ್ತಿತ್ತು. ವಿಮೆ ಇತ್ತು, ಕಿವಿಯಲ್ಲಿ ಓಲೆ ಇತ್ತು, ಕಂತು ಕಟ್ಟಿದ ರಸೀದಿಯೂ ಇತ್ತು. ಆ ಅಕ್ಕ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದರು.

ಮರಣೋತ್ತರ ಪರೀಕ್ಷೆ ಮುಗಿಸಿ ವರದಿ ಬರೆಯಲು ಕುಳಿತೆ. "ರಾಸಿನ ಮಾಲೀಕರ ಹೆಸರು" ಎಂಬ ಜಾಗಕ್ಕೆ ಬಂದಾಗ ಪಾಲಿಸಿ ತೆಗೆದು ನೋಡಿದೆ. ಅದರಲ್ಲಿ ಯಜಮಾನರ ಹೆಸರಿತ್ತು. ಅವರು ತೀರಿಕೊಂಡು ಎಂಟು ತಿಂಗಳಾಗಿತ್ತು. ಡೇರಿಯ ಸದಸ್ಯತ್ವವೂ ಅವರದೇ, ಓಲೆಯ ನೋಂದಣಿಯೂ ಅವರದೇ. ಹಾಗೆಂದು ಹೇಳಿದಾಗ ಆ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಹನ್ನೊಂದು ವರ್ಷದಿಂದ ಹಾಲು ಕರೀತಿರೋಳು ನಾನು. ಹಂಗಾದ್ರೆ ನಾನ್ಯಾರು ಮೇಡಂ?"

ಅವರಿಗೆ ದುಡ್ಡು ಕೊನೆಗೂ ಬಂತು. ಆದರೆ ಮರಣ ಪ್ರಮಾಣ ಪತ್ರ, ನಾಡಕಚೇರಿಯ ವಂಶವೃಕ್ಷ, ಮಕ್ಕಳ ಒಪ್ಪಿಗೆ ಪತ್ರ, ಬ್ಯಾಂಕಿನ ಓಡಾಟ ಎಂದು ಏಳು ತಿಂಗಳು ಹಿಡಿಯಿತು. ಈ ನಡುವೆ ಸಂಸಾರ ನಡೆಸಲು ಗಬ್ಬದ ಕಡಸನ್ನು ಬಂದ ಬೆಲೆಗೆ ಮಾರಿದರು.

ಇದನ್ನು ಬರೆಯಲು ಇನ್ನೊಂದು ಕಾರಣವಿದೆ. ಆ ಹಸುವಿಗೆ ಓಲೆ ಹಾಕಿದವಳು ನಾನೇ. ಅಂದು ಕೊಟ್ಟಿಗೆಯಲ್ಲಿ ಹಸುವಿನ ಮೂಗುದಾರ ಹಿಡಿದು ನಿಂತಿದ್ದವರು ಆ ಅಕ್ಕ. ನಾನು ಅವರನ್ನೇ ಕೇಳಿದ್ದೆ, "ಯಜಮಾನ್ರ ಹೆಸರೇನಮ್ಮ?" ಎಂದು. ಅವರು ಹೇಳಿದರು, ನಾನು ಬರೆದುಕೊಂಡೆ. ಎದುರಿಗಿದ್ದವರ ಹೆಸರನ್ನು ಕೇಳಬೇಕೆಂದು ನನಗೆ ಅಂದು ಹೊಳೆಯಲಿಲ್ಲ. ನನ್ನಂಥ ಎಷ್ಟೋ ಜನ ಡಾಕ್ಟರುಗಳು, ಕಾರ್ಯದರ್ಶಿಗಳು, ಬ್ಯಾಂಕಿನವರು ಹೀಗೇ ಮಾಡಿಕೊಂಡು ಬಂದಿದ್ದೇವೆ. ಆದ್ದರಿಂದ ಈ ಮಾತಿನಲ್ಲಿ ಅರ್ಧ ನಿಮಗೆ, ಇನ್ನರ್ಧ ನಮಗೇ.

ನೀವು ಕೆಲಸಗಾರರು

ಬೆಳಿಗ್ಗೆ ಐದಕ್ಕೆ ಎದ್ದು ಸಗಣಿ ಬಾಚುವುದರಿಂದ ಹಿಡಿದು ರಾತ್ರಿ ಕೊನೆಯ ಹಿಡಿ ಹುಲ್ಲು ಹಾಕುವವರೆಗೆ ನೀವು ಮಾಡುವುದನ್ನು ಮನೆಯಲ್ಲಿ "ಮನೆಗೆಲಸ" ಎನ್ನುತ್ತಾರೆ. ಕಾನೂನು ಹಾಗೆನ್ನುವುದಿಲ್ಲ. ಸ್ವಂತ ಉದ್ಯೋಗ ಮಾಡಿಕೊಂಡವರನ್ನೂ 2008ರ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಕಾಯ್ದೆ ಕಾರ್ಮಿಕರೆಂದೇ ಗುರುತಿಸಿತು. 2021ರ ಆಗಸ್ಟ್‌ನಲ್ಲಿ ಶುರುವಾದ ಇ-ಶ್ರಮ್ ನೋಂದಣಿಯಲ್ಲಿ ಪಶುಪಾಲನೆ ಮಾಡುವವರಿಗೂ ಜಾಗವಿದೆ. 16ರಿಂದ 59 ವರ್ಷದೊಳಗಿದ್ದು, ಆದಾಯ ತೆರಿಗೆ ಕಟ್ಟದವರು, ಪಿ.ಎಫ್., ಇ.ಎಸ್.ಐ. ಇಲ್ಲದವರು ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ ಹಿಡಿದು ಹೋದರೆ ಸೇವಾ ಕೇಂದ್ರದಲ್ಲಿ ನೋಂದಣಿಯಾಗುತ್ತದೆ. ಈ ಕಾರ್ಡಿನಿಂದ ನಾಳೆಯೇ ದುಡ್ಡು ಬರುತ್ತದೆಂದು ನಾನು ಹೇಳುವುದಿಲ್ಲ. ಆದರೆ "ಗೃಹಿಣಿ" ಎಂದಷ್ಟೇ ಬರೆಸಿಕೊಂಡು ಬಂದ ನಿಮ್ಮ ಹೆಸರಿನ ಮುಂದೆ ನಿಮ್ಮ ಕಸುಬು ದಾಖಲಾಗುವ ಒಂದು ಜಾಗ ಅದು.

ಕಾರ್ಖಾನೆಯಲ್ಲಿ ದುಡಿಯುವವರಿಗೆ ಹಾಜರಾತಿ ಪುಸ್ತಕ, ಸಂಬಳದ ಚೀಟಿ ಇರುತ್ತದೆ. ನಿಮಗೆ ಆ ಕಾಗದಗಳಿಲ್ಲ. ನಿಮ್ಮ ದುಡಿಮೆಗೆ ಸಾಕ್ಷಿಯಾಗುವುದು ನಾಲ್ಕು ಕಡೆ ಇರುವ ಹೆಸರು: ಡೇರಿಯ ಸದಸ್ಯತ್ವ, ಬ್ಯಾಂಕ್ ಖಾತೆ, ಹಸುವಿನ ಕಿವಿಯೋಲೆ ಮತ್ತು ವಿಮೆ. ಈ ನಾಲ್ಕರಲ್ಲೂ ಯಾರ ಹೆಸರಿದೆ ಎಂದು ಒಮ್ಮೆ ನೋಡಿ.

ನಾಲ್ಕು ಹೆಸರುಗಳು

ಮೊದಲನೆಯದು ಸದಸ್ಯತ್ವ. ಮಹಿಳಾ ಸಂಘಗಳಲ್ಲಿ ಈ ತೊಂದರೆಯಿಲ್ಲ. ಮಿಶ್ರ ಸಂಘಗಳಲ್ಲಿ ಹಾಲು ಹಾಕುವವರು ನೀವು, ಷೇರು ಯಜಮಾನರದು. ಸಭೆಗೆ ನೋಟೀಸು ಬರುವುದು, ಮತ ಹಾಕುವುದು, ಬೋನಸ್ಸು ಬರುವುದು ಷೇರು ಇರುವವರಿಗೆ. ಆಡಳಿತ ಮಂಡಳಿಯಲ್ಲಿ ಮಹಿಳೆಯರಿಗೆ ಮೀಸಲು ಸ್ಥಾನಗಳಿವೆ. ಆದರೆ ಸದಸ್ಯತ್ವವೇ ಇಲ್ಲದವರು ಅಲ್ಲಿಗೆ ನಿಲ್ಲುವುದು ಹೇಗೆ? ಷೇರು ಮೊತ್ತ ಕಟ್ಟಿ ಸದಸ್ಯತ್ವಕ್ಕೆ ಅರ್ಜಿ ಕೊಡಿ. ಈಗಿರುವ ಯಜಮಾನರ ಷೇರಿಗೆ ನಿಮ್ಮನ್ನು ನಾಮಿನಿ ಮಾಡಿದ್ದಾರೆಯೇ ಎಂಬುದನ್ನೂ ಕಾರ್ಯದರ್ಶಿಯವರ ಹತ್ತಿರ ಕೇಳಿ.

ಎರಡನೆಯದು ಬ್ಯಾಂಕ್ ಖಾತೆ. ಬಟವಾಡೆ ಮಾತ್ರವಲ್ಲ, ಕ್ಷೀರಧಾರೆ ಯೋಜನೆಯಲ್ಲಿ ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನವೂ ಖಾತೆಗೇ ಬರುತ್ತದೆ. ದಿನಕ್ಕೆ 10 ಲೀಟರ್ ಹಾಕುವವರಿಗೆ ತಿಂಗಳಿಗೆ 1,500 ರೂಪಾಯಿ. ಇದು ಒಮ್ಮೊಮ್ಮೆ ತಡವಾಗಿ ಬರುತ್ತದೆ, ಹಲವು ತಿಂಗಳದು ಒಟ್ಟಿಗೂ ಬರುತ್ತದೆ. ಖಾತೆಗೆ ಆಧಾರ್ ಜೋಡಣೆಯಾಗಿಲ್ಲದಿದ್ದರೆ, ಡೇರಿಯ ದಾಖಲೆಯಲ್ಲಿ "ಲಕ್ಷ್ಮಮ್ಮ", ಆಧಾರ್‌ನಲ್ಲಿ "ಲಕ್ಷ್ಮೀದೇವಮ್ಮ" ಎಂದಿದ್ದರೆ ಹಣ ನಿಂತುಹೋಗುತ್ತದೆ. ಪಕ್ಕದ ಮನೆಗೆ ಬಂದು ನಿಮಗೆ ಬಾರದಿದ್ದರೆ ಸುಮ್ಮನಿರಬೇಡಿ. ಪಾಸ್‌ಬುಕ್ ಎಂಟ್ರಿ ಮಾಡಿಸಿ, ಯಾವ ತಿಂಗಳಿನದು ಬಂದಿಲ್ಲ ಎಂದು ಬರೆದು ಸಂಘಕ್ಕೆ ಕೊಡಿ.

ಮೂರನೆಯದು ಕಿವಿಯೋಲೆ. ಹಳದಿ ಓಲೆಯ ಮೇಲಿನ 12 ಅಂಕಿಗಳು ನಿಮ್ಮ ಹಸುವಿನ ಆಧಾರ್ ಸಂಖ್ಯೆ ಇದ್ದಂತೆ. ಲಸಿಕೆ, ಕೃತಕ ಗರ್ಭಧಾರಣೆ, ಮಾಲೀಕರ ಹೆಸರು ಎಲ್ಲವೂ ಆ ಸಂಖ್ಯೆಗೆ ಸೇರಿರುತ್ತವೆ. ಮಾಲೀಕರ ಹೆಸರನ್ನು ಬದಲಾಯಿಸಲು ಬರುತ್ತದೆ. ಲಸಿಕೆಗೆ ಬಂದಾಗ ನಮ್ಮನ್ನು ಕೇಳಿ. ಸಂತೆಯಲ್ಲಿ ಹಸು ಕೊಂಡವರೂ ಹಳೇ ಮಾಲೀಕರ ಹೆಸರು ಬದಲಾಯಿಸುವುದನ್ನು ಮರೆಯಬೇಡಿ.

ನಾಲ್ಕನೆಯದು ವಿಮೆ. ರಾಷ್ಟ್ರೀಯ ಜಾನುವಾರು ಮಿಷನ್ ಅಡಿಯಲ್ಲಿ 2024ರಿಂದ ರೈತರು ಕಟ್ಟಬೇಕಾದ ಪಾಲು ಕಂತಿನ ಶೇ 15ರಷ್ಟು ಮಾತ್ರ. ಉಳಿದದ್ದನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಭರಿಸುತ್ತವೆ. ಅಂದರೆ ಕಂತು 2,000 ರೂಪಾಯಿ ಆದರೆ ನಿಮ್ಮ ಕೈಯಿಂದ ಹೋಗುವುದು 300. ಒಂದು ಕುಟುಂಬಕ್ಕೆ ಮೊದಲು 5 ರಾಸುಗಳ ಮಿತಿಯಿತ್ತು, ಈಗ 10 ರಾಸುಗಳವರೆಗೆ ಅವಕಾಶವಿದೆ. ಪಾಲಿಸಿ ನವೀಕರಿಸುವಾಗ ನಿಮ್ಮ ಹೆಸರಿಗೆ ಮಾಡಿಸಿ. ಸಾಲದಲ್ಲಿ ಕೊಂಡ ಹಸುವಾದರೆ ಪರಿಹಾರದ ಹಣ ಮೊದಲು ಬ್ಯಾಂಕಿನ ಸಾಲಕ್ಕೆ ಹೋಗುತ್ತದೆ ಎಂಬುದೂ ಗೊತ್ತಿರಲಿ.

ಹಸು ಸತ್ತ ದಿನ

ಹಸು ಸತ್ತಾಗ ಮನೆಯಲ್ಲಿ ಸೂತಕದಂತಿರುತ್ತದೆ. ಆ ಹೊತ್ತಿನಲ್ಲಿ ಕಾಗದದ ನೆನಪಾಗುವುದಿಲ್ಲ. "ಪಾಪ, ಬಿಸಿಲಲ್ಲಿ ಬಿದ್ದಿದೆ" ಎಂದು ಊರವರೆಲ್ಲ ಸೇರಿ ಗುಂಡಿ ತೆಗೆದು ಮಣ್ಣು ಮಾಡಿಬಿಡುತ್ತಾರೆ. ಆಮೇಲೆ ನನಗೆ ಫೋನ್ ಬರುತ್ತದೆ. ನೋಡದ ಹಸುವಿನ ವರದಿಯನ್ನು ನಾನು ಬರೆಯಲಾರೆ. ಆದ್ದರಿಂದ ಇಷ್ಟನ್ನು ಕೊಟ್ಟಿಗೆಯ ಗೋಡೆಗೆ ಅಂಟಿಸಿಕೊಳ್ಳಿ:

1. ಕಾಯಿಲೆ ಬಿದ್ದಾಗಲೇ ವೈದ್ಯರಿಗೆ ತೋರಿಸಿ, ಔಷಧಿ ಚೀಟಿ ಇಟ್ಟುಕೊಳ್ಳಿ. 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನವನ್ನು ಕೇಳಬಹುದು. ಚಿಕಿತ್ಸೆ ಕೊಡಿಸಲಿಲ್ಲ ಎಂಬ ಕಾರಣಕ್ಕೆ ಅರ್ಜಿ ತಿರಸ್ಕಾರವಾಗುವುದುಂಟು.

2. ಸತ್ತ ಕೂಡಲೇ ವಿಮಾ ಕಂಪನಿಗೆ ತಿಳಿಸಿ. ನಂಬರು ಪಾಲಿಸಿಯ ಮೇಲೇ ಇರುತ್ತದೆ. ಕರೆ ಮಾಡಿದ ದಿನ, ಹೊತ್ತು, ಅವರು ಕೊಟ್ಟ ದೂರಿನ ಸಂಖ್ಯೆಯನ್ನು ಬರೆದಿಡಿ. ಡೇರಿ ಕಾರ್ಯದರ್ಶಿಗೂ ನಮಗೂ ತಿಳಿಸಿ.

3. ಮರಣೋತ್ತರ ಪರೀಕ್ಷೆ ಆಗುವವರೆಗೆ ಹೂಳಬೇಡಿ. ಓಲೆಯನ್ನು ನೀವಾಗಿ ಕತ್ತರಿಸಬೇಡಿ. ಕಿವಿಯಲ್ಲಿ ಓಲೆ ಕಾಣುವಂತೆ ಫೋಟೋ ತೆಗೆಸಿ, ಜೊತೆಗೆ ನೀವೂ ನಿಲ್ಲಿ.

4. ಹಸು ಇದ್ದಕ್ಕಿದ್ದಂತೆ ಸತ್ತು ಮೂಗು, ಬಾಯಿ, ಗುದದಿಂದ ಕಪ್ಪು ರಕ್ತ ಬಂದಿದ್ದರೆ ಯಾರೂ ಮುಟ್ಟಬೇಡಿ, ಕೊಯ್ಯಬೇಡಿ. ಅದು ನೆರಡಿ ರೋಗ ಇರಬಹುದು, ಮನುಷ್ಯರಿಗೂ ಅಂಟುತ್ತದೆ. ನಾವು ಅಂಥ ಹಸುವನ್ನು ಕೊಯ್ಯದೆ ರಕ್ತದ ಲೇಪ ತೆಗೆದು ಪರೀಕ್ಷಿಸುತ್ತೇವೆ, ವರದಿಯಲ್ಲಿ ಹಾಗೆಯೇ ಬರೆಯುತ್ತೇವೆ.

5. ಓಲೆ ಬಿದ್ದುಹೋಗಿದ್ದರೆ ಅದೇ ದಿನ ಹೇಳಿ. ಹೊಸ ಓಲೆ ಹಾಕಿಸಿ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಬೇಕು. "ಓಲೆಯಿಲ್ಲದಿದ್ದರೆ ಪರಿಹಾರವಿಲ್ಲ" ಎಂಬುದು ವಿಮೆಯವರ ಮೊದಲ ಮಾತು. ಹೊಸ ಪಾಲಿಸಿಯ ಮೊದಲ 15 ದಿನ ಕಾಯಿಲೆಯಿಂದ ಸತ್ತರೆ ಸಾಮಾನ್ಯವಾಗಿ ಪರಿಹಾರ ಸಿಗುವುದಿಲ್ಲ ಎಂಬುದನ್ನೂ ನೆನಪಿಡಿ.

ಎಲ್ಲ ಸಾವೂ ವಿಮೆಗೆ ಮಾತ್ರ ಸೇರಿದ್ದಲ್ಲ. ಚಿರತೆ ಹಿಡಿದರೆ ಕಳೇಬರವನ್ನು ಕದಲಿಸದೆ ಅರಣ್ಯ ಇಲಾಖೆಗೆ ತಿಳಿಸಿ. ವಿದ್ಯುತ್ ತಂತಿ ತಗುಲಿದರೆ ವಿದ್ಯುತ್ ಕಂಪನಿಯ ಶಾಖೆಗೆ ಹೇಳಿ ಸ್ಥಳ ಪರಿಶೀಲನೆ ಮಾಡಿಸಿ. ಪ್ರವಾಹದಲ್ಲಿ ಹೋದರೆ ಗ್ರಾಮ ಆಡಳಿತ ಅಧಿಕಾರಿಯ ಮೂಲಕ ತಹಶೀಲ್ದಾರರಿಗೆ ಅರ್ಜಿ ಕೊಡಿ. ಪ್ರಕೃತಿ ವಿಕೋಪಕ್ಕೆ 2022ರಲ್ಲಿ ಪರಿಷ್ಕರಿಸಿದ ಕೇಂದ್ರದ ಮಾನದಂಡದಲ್ಲಿ ಹಾಲು ಕೊಡುವ ಹಸು, ಎಮ್ಮೆಗೆ 37,500 ರೂಪಾಯಿ ಎಂದಿದೆ. ಈ ಎಲ್ಲದಕ್ಕೂ ಪಶುವೈದ್ಯರ ವರದಿ ಬೇಕು.

"ಆಗಲ್ಲ" ಎಂದರೆ ಬರೆದುಕೊಡಿ ಎನ್ನಿ

ನಾನು ಕಂಡಂತೆ ನಮ್ಮ ಹೆಣ್ಣುಮಕ್ಕಳು ಸೋಲುವುದು ಅರ್ಜಿ ಹಾಕಿದ ಮೇಲೆ. ಕಿಟಕಿಯ ಆಚೆಯಿಂದ ಒಬ್ಬರು "ಇದು ಆಗಲ್ಲಮ್ಮ" ಎಂದರೆ ಅಲ್ಲಿಗೆ ಮುಗಿಯಿತು ಎಂದು ಬಸ್ಸು ಹತ್ತಿಬಿಡುತ್ತೀರಿ. ಬಾಯಿಮಾತಿನ "ಆಗಲ್ಲ"ಕ್ಕೆ ಬೆಲೆಯಿಲ್ಲ. "ಯಾಕೆ ಆಗಲ್ಲ ಅಂತ ಬರೆದುಕೊಡಿ ಸಾರ್" ಎಂದು ಕೇಳಿ. ಜಗಳವಾಡುವುದು ಬೇಡ, ದನಿ ಎತ್ತುವುದೂ ಬೇಡ. ಎಷ್ಟೋ ಸಲ ಆ ಒಂದು ಮಾತಿಗೇ ಕಡತ ಕದಲಿದ್ದನ್ನು ನೋಡಿದ್ದೇನೆ.

ಜಾನುವಾರು ವಿಮಾ ಯೋಜನೆಯ ಮಾರ್ಗಸೂಚಿ ಕೇಳುವುದು ನಾಲ್ಕೇ ದಾಖಲೆ: ಕಂಪನಿಗೆ ಕೊಟ್ಟ ಮಾಹಿತಿ, ಪಾಲಿಸಿ, ಕ್ಲೇಮ್ ಅರ್ಜಿ, ಮರಣೋತ್ತರ ಪರೀಕ್ಷೆಯ ವರದಿ. ಇವನ್ನು ಕೊಟ್ಟ 15 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 12ರ ಚಕ್ರಬಡ್ಡಿ ಸೇರಿಸಿ ಕೊಡಬೇಕು ಎಂದು ಅದರಲ್ಲಿದೆ. ಈ ಮಾತು ರೈತರಿಗೆ ಗೊತ್ತಿಲ್ಲ ಎಂಬ ಧೈರ್ಯದಲ್ಲೇ ಕಡತಗಳು ಮಲಗುತ್ತವೆ. ಕೊಟ್ಟ ಪ್ರತಿ ಕಾಗದಕ್ಕೂ ಜೆರಾಕ್ಸ್ ಇಟ್ಟುಕೊಂಡು, ಅದರ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. 15 ದಿನದ ಲೆಕ್ಕ ಶುರುವಾಗುವುದು ಆ ಸೀಲಿನಿಂದ.

ಕಂಪನಿಗೆ ಲಿಖಿತ ದೂರು ಕೊಟ್ಟು ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಬರೆಯಬಹುದು. ಶುಲ್ಕವಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ ಸಹಾಯವಾಣಿ 155255. ಜಿಲ್ಲಾ ಗ್ರಾಹಕರ ಆಯೋಗದಲ್ಲೂ 5 ಲಕ್ಷದವರೆಗಿನ ವ್ಯಾಜ್ಯಕ್ಕೆ ಶುಲ್ಕ ಇಲ್ಲ. ವಕೀಲರ ನೆರವು ಬೇಕಾದರೆ ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ಅದಕ್ಕೆ ಆದಾಯದ ಮಿತಿಯಿಲ್ಲ.

ನಾಡಕಚೇರಿಯ ಕೆಲಸಗಳಿಗೆ ಸಕಾಲದ ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ. ಎಷ್ಟು ದಿನದಲ್ಲಿ ಆಗಬೇಕು ಎಂಬುದು ಅದರಲ್ಲೇ ಇರುತ್ತದೆ. ಸರ್ಕಾರಿ ಕಚೇರಿಯಲ್ಲಿ ಅರ್ಜಿ ಎಲ್ಲಿ ನಿಂತಿದೆ ಎಂದು ತಿಳಿಯಲು 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕಿನ ಅರ್ಜಿ ಸಾಕು. ಬಿ.ಪಿ.ಎಲ್. ಕಾರ್ಡಿದ್ದರೆ ಅದೂ ಬೇಡ. 30 ದಿನದೊಳಗೆ ಉತ್ತರ ಕೊಡಬೇಕು.

ಹಸುವಿಗೆ ವಿಮೆ, ನಿಮಗೆ?

ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಹಸುವಿಗೆ ವಿಮೆ ಮಾಡಿಸಿದ ಎಷ್ಟು ಜನ ನಿಮಗೂ ಮಾಡಿಸಿಕೊಂಡಿದ್ದೀರಿ? ಹುಲ್ಲು ಕೊಯ್ಯುವಾಗ ಹಾವು ಕಚ್ಚುವುದು, ಹಸು ಒದ್ದು ಬೀಳುವುದು, ಮೇವು ಕತ್ತರಿಸುವ ಯಂತ್ರಕ್ಕೆ ಬೆರಳು ಸಿಗುವುದು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದವರಿಗೆ ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಪೂರ್ಣ ಅಂಗವಿಕಲತೆಗೆ 2 ಲಕ್ಷ, ಭಾಗಶಃ ಶಾಶ್ವತ ಅಂಗವಿಕಲತೆಗೆ 1 ಲಕ್ಷ. ಹಾವು ಕಚ್ಚಿದ ಸಾವೂ ಇದರಲ್ಲಿ ಸೇರುತ್ತದೆ, ಆದರೆ ಆಸ್ಪತ್ರೆಯ ದಾಖಲೆ ಬೇಕು. ನಾಟಿ ಔಷಧಿ ಎಂದು ಮನೆಯಲ್ಲೇ ಉಳಿದರೆ ಜೀವಕ್ಕೂ ಅಪಾಯ, ಕಾಗದವೂ ಇಲ್ಲ. ಜೀವನ್ ಜ್ಯೋತಿ ಯೋಜನೆಗೆ 436 ರೂಪಾಯಿ. 50 ವರ್ಷದೊಳಗೆ ಸೇರಬೇಕು, ಯಾವ ಕಾರಣದ ಸಾವಿಗೂ 2 ಲಕ್ಷ ಸಿಗುತ್ತದೆ. ಕಾಯಿಲೆಯ ಸಾವಿಗೆ ಸೇರಿದ ಮೊದಲ 30 ದಿನ ಮಾತ್ರ ಅನ್ವಯಿಸುವುದಿಲ್ಲ.

ಇವೆರಡೂ ಜೂನ್ 1ರಿಂದ ಮೇ 31ರವರೆಗೆ. ಮೇ ಕೊನೆಯಲ್ಲಿ ಖಾತೆಯಲ್ಲಿ ಅಷ್ಟು ದುಡ್ಡಿಲ್ಲದಿದ್ದರೆ ವಿಮೆ ನಿಂತುಹೋಗುತ್ತದೆ. ಮೇ ತಿಂಗಳ ಬಟವಾಡೆಯನ್ನು ಪೂರ್ತಿ ತೆಗೆಯದೆ 500 ರೂಪಾಯಿ ಉಳಿಸಿ. ನಾಮಿನಿ ಯಾರೆಂದು ಮನೆಯವರಿಗೆ ಹೇಳಿರಿ. ವಿಮೆ ಇದ್ದುದೇ ಗೊತ್ತಿಲ್ಲದೆ ಕೇಳದೇ ಹೋದ ಮನೆಗಳನ್ನೂ ಕಂಡಿದ್ದೇನೆ.

"ಹೆಸರು ಯಾರದಾದ್ರೇನು?"

ಹೀಗೆಲ್ಲ ಹೇಳಿದರೆ "ನಮ್ಮನೇಲಿ ಆ ಭೇದ ಇಲ್ಲ ಮೇಡಂ, ಅವರದ್ದಾದ್ರೇನು ನನ್ನದಾದ್ರೇನು" ಎನ್ನುತ್ತೀರಿ. ಒಳ್ಳೆಯದೇ. ಭೇದವಿಲ್ಲದ ಮನೆಯಲ್ಲಿ ನಿಮ್ಮ ಹೆಸರಿಗೆ ಮಾಡಿಸಲು ಅಡ್ಡಿಯೇನಿದೆ? ನಿಮ್ಮ ಯಜಮಾನರ ಮೇಲೆ ಅನುಮಾನ ಪಡಿ ಎಂದು ನಾನು ಹೇಳುತ್ತಿಲ್ಲ. ಮೊದಲಲ್ಲಿ ಹೇಳಿದ ಆ ಅಕ್ಕನ ಯಜಮಾನರೂ ಒಳ್ಳೆಯವರೇ. ಬಟವಾಡೆಯನ್ನು ತಂದು ಹೆಂಡತಿಯ ಕೈಗೇ ಕೊಡುತ್ತಿದ್ದರು. ಮನೆಯೊಳಗಿನ ಒಳ್ಳೆಯತನಕ್ಕೆ ಕಚೇರಿಯಲ್ಲಿ ದಾಖಲೆಯಿಲ್ಲ, ಅಷ್ಟೇ. ಅವರು ಇರುವಾಗಲೇ ಇಬ್ಬರೂ ಕೂತು ಬರೆಸಿದ್ದರೆ ಏಳು ತಿಂಗಳ ಅಲೆದಾಟ ಉಳಿಯುತ್ತಿತ್ತು.

ಇನ್ನೊಂದು ಮಾತನ್ನೂ ಹೇಳಲೇಬೇಕು. "ಸತ್ತದ್ದು ಓಲೆಯಿಲ್ಲದ ಹಸು, ಇನ್ನೊಂದರ ಓಲೆ ನಂಬರು ಬರೆದುಬಿಡಿ" ಎಂದು ಕೆಲವರು ಕೇಳುತ್ತಾರೆ. ಕಷ್ಟ ನನಗೂ ಅರ್ಥವಾಗುತ್ತದೆ, ಆದರೆ ನನ್ನಿಂದಾಗದು. ಅಂಥ ಒಂದು ಸುಳ್ಳು ಸಿಕ್ಕಿಬಿದ್ದರೆ ಆ ಊರಿನ ಹತ್ತು ನಿಜವಾದ ಅರ್ಜಿಗಳನ್ನೂ ಕಂಪನಿಯವರು ಅನುಮಾನದಿಂದ ನೋಡುತ್ತಾರೆ. ಆಗ ತೊಂದರೆಯಾಗುವುದು ನಿಮ್ಮ ನೆರೆಮನೆಯವರಿಗೆ.

ನಾವು ಮಾಡಬೇಕಾದ್ದು

ಎಲ್ಲ ಭಾರವನ್ನೂ ನಿಮ್ಮ ತಲೆಗೇ ಹೊರಿಸಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಬೆಳಿಗ್ಗೆ ಸಂಜೆ ಹಾಲು ಕರೆಯುವವರು ತಾಲ್ಲೂಕಿಗೆ ಎಷ್ಟು ಸಲ ಹೋಗಿಬರಲು ಸಾಧ್ಯ? ಆದ್ದರಿಂದ ನಮ್ಮ ಸಂಘಗಳಿಗೂ ಒಕ್ಕೂಟಕ್ಕೂ ನನ್ನ ಮನವಿ ಇಷ್ಟು. ಪ್ರತಿ ಸಂಘದಲ್ಲಿ ಮೂರು ತಿಂಗಳಿಗೊಮ್ಮೆ ಹಾಲು ಹಾಕುವ ಹೊತ್ತಿನಲ್ಲೇ "ಕಾಗದದ ದಿನ" ಮಾಡೋಣ. ಅಂದು ಓಲೆ, ಪಾಲಿಸಿ, ಪಾಸ್‌ಬುಕ್, ಆಧಾರ್ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಹೆಸರು ತಾಳೆ ನೋಡೋಣ. ಕ್ಲೇಮ್ ಅರ್ಜಿ ಕನ್ನಡದಲ್ಲಿ, ಡೇರಿಯಲ್ಲೇ ಸಿಗಲಿ. ಪಾಲಿಸಿ ಮುಗಿಯುವ ತಾರೀಖನ್ನು ಡೇರಿಯ ಬೋರ್ಡಿನಲ್ಲಿ ಬರೆಯಲಿ. ಸದಸ್ಯರಾಗಲು ಬಂದ ಹೆಣ್ಣುಮಕ್ಕಳಿಗೆ "ಯಜಮಾನ್ರನ್ನ ಕರ್ಕೊಂಡು ಬಾ" ಎನ್ನುವುದು ನಿಲ್ಲಲಿ.

ನನ್ನ ಮಟ್ಟಿಗೆ ನಾನು ಒಂದನ್ನು ಬದಲಾಯಿಸಿಕೊಂಡಿದ್ದೇನೆ. ಈಗ ಓಲೆ ಹಾಕುವಾಗ ನನ್ನ ಮೊದಲ ಪ್ರಶ್ನೆ, "ಇದರ ಹಾಲು ಕರೆಯೋರು ಯಾರು? ಅವರ ಹೆಸರು ಹೇಳಿ." ಕೆಲವರು ನಗುತ್ತಾರೆ. ಕೆಲವರು ನಾಚಿಕೊಂಡು ಯಜಮಾನರ ಮುಖ ನೋಡುತ್ತಾರೆ. ಹೆಚ್ಚಿನ ಯಜಮಾನರು "ಅವಳದ್ದೇ ಬರ್ಕೊಳಿ ಮೇಡಂ, ಅವಳೇ ತಾನೆ ನೋಡ್ಕೊಳೋದು" ಎನ್ನುತ್ತಾರೆ. ನಾವು ಕೇಳಿರಲಿಲ್ಲ, ಅಷ್ಟೇ.

ಈ ವಾರ ಹಾಲು ಹಾಕಿ ಬಂದ ಮೇಲೆ ಹತ್ತು ನಿಮಿಷ ಮಾಡಿಕೊಂಡು ಆ ಪ್ಲಾಸ್ಟಿಕ್ ಕವರನ್ನು ಬಿಚ್ಚಿ ನೋಡಿ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಗಳಿಂದಲೋ ಮೊಮ್ಮಗನಿಂದಲೋ ಓದಿಸಿ. ನಿಮ್ಮ ಹೆಸರು ಎಲ್ಲಿಲ್ಲವೋ ಅಲ್ಲಿಗೆ ಒಂದು ಗುರುತು ಹಾಕಿ. ಮುಂದಿನ ಸಲ ನಾನು ನಿಮ್ಮೂರಿಗೆ ಬಂದಾಗ ಕವರು ಹಿಡಿದುಕೊಂಡೇ ಬನ್ನಿ. ಹಸು ನೋಡಿದ ಮೇಲೆ ಅದನ್ನೂ ನೋಡೋಣ.

ನಿಮ್ಮ ಪಶುವೈದ್ಯಾಧಿಕಾರಿ